ಚಿನ್ನದ ಬಳ್ಳಿ

ಲೂಸಿಬಾಯಿಯ ಕಪಾಟಿನಲ್ಲಿ ಫ್ರಾನ್ಸಿನ ಹಳೆಯ ಪಿಂಗಾಣಿ ಒಡವೆ ಪೆಟ್ಟಿಗೆಯೊಂದಿತ್ತು. ಮುಚ್ಚಳದ ತುಂಬ ಗುಲಾಬಿ ಚಿತ್ರ, ಅಂಚಿಗೆ ಹಿತ್ತಾಳೆಯ ಕಟ್ಟು. ಬದಿಯಲ್ಲಿ ಬಿಟ್ಟ ಬಿರುಕನ್ನು ಯಾರೋ ಚಿನ್ನದ ಬಳ್ಳಿ ಬರೆದು ಮುಚ್ಚಿದ್ದರು. ಅದೂ ಪ್ಯಾರಿಸ್ಸಿನ ಕುಸುರಿಯೇ ಎಂದು ಪೆಟ್ಟಿಗೆ ಹೇಳಿಕೊಳ್ಳುತ್ತಿತ್ತು. ಒಳಗೆ ಜೊತೆ ಕಳೆದುಕೊಂಡ ಜುಮುಕಿಯೊಂದು ಬಿದ್ದಿತ್ತು. ಅದು ಅಲುಗಿದರೆ ಸಾಕು, “ಸುಮ್ಮನಿರು, ಇದು ಸಂತೆಯಲ್ಲ!” ಎಂದು ಪೆಟ್ಟಿಗೆ ಗದರುತ್ತಿತ್ತು.

ಒಂದು ದಿನ ಹಳೆಯ ಸಾಮಾನಿನ ವ್ಯಾಪಾರಿ ಬಂದು ಪೆಟ್ಟಿಗೆಯನ್ನು ಕೈಗೆತ್ತಿಕೊಂಡ. ಪೆಟ್ಟಿಗೆ ಒಳಗಿನ ಜುಮುಕಿಗೆ ಪಿಸುಗುಟ್ಟಿತು:

“ಜುಮುಕಿ, ಅವನೀಗ ಉಗುರಿನಿಂದ ತಟ್ಟಿ ನೋಡುತ್ತಾನೆ. ಗಟ್ಟಿ ಪಿಂಗಾಣಿ ಠಣ್ ಎನ್ನುತ್ತದೆ. ಬಿರುಕು ಬಿಟ್ಟ ನನ್ನಿಂದ ಅದಾಗದು. ನನ್ನ ಬದಲು ನೀನು ದನಿ ಕೊಡು!”

“ಬಿರುಕಿದ್ದರೆ ಇದೆ ಎಂದು ತಿಳಿಯಲಿ ಬಿಡಿ, ದೊರೆಸಾನಿ.”

“ತಿಳಿದರೆ ನನ್ನನ್ನು ಗುಜರಿಗೆ ಹಾಕುತ್ತಾರೆ. ನಿನ್ನ ಕಾಲಿಗೆ ಬೀಳುತ್ತೇನೆ!”

ವ್ಯಾಪಾರಿ ತಟ್ಟಿದ. ಕನಿಕರ ತಡೆಯದೆ ಜುಮುಕಿ ಘಲ್ ಎಂದಿತು.

ಅವನು ಹುಬ್ಬು ಗಂಟಿಕ್ಕಿದ. ಮುಚ್ಚಳ ತೆರೆದು, ಜುಮುಕಿಯನ್ನು ತೆಗೆದು ಲೂಸಿಬಾಯಿಯ ಕೈಗೆ ಕೊಟ್ಟ. ಬರಿದಾದ ಪೆಟ್ಟಿಗೆಯನ್ನು ಮತ್ತೆ ತಟ್ಟಿದ. ಟಪ್ ಎಂದಿತು. ಬಳ್ಳಿಯನ್ನು ಮೆಲ್ಲಗೆ ಕೆರೆದಾಗ ಚಿನ್ನ ಉದುರಿ ಬಿರುಕು ಬಾಯಿ ತೆರೆಯಿತು.

“ಬಿರುಕಿದ್ದರೂ ಈ ಗುಲಾಬಿಗಳಿಗಾಗಿಯೇ ಕೊಳ್ಳುತ್ತಿದ್ದೆ, ಬಾಯಮ್ಮಾ,” ಎಂದು ವ್ಯಾಪಾರಿ ಪೆಟ್ಟಿಗೆಯನ್ನು ಕೆಳಗಿಟ್ಟ. “ಈಗ ಗುಲಾಬಿಗಳ ಕೆಳಗೆ ಏನಿದೆಯೋ ಯಾರಿಗೆ ಗೊತ್ತು?”