ಓಗೊಡದ ಮಡು

ಶಿಲುಬೆದೊಡ್ಡಿಯ ಕೆಳಗೆ ಕಾವೇರಿ ಎರಡು ಕರಿಬಂಡೆಗಳ ನಡುವೆ ನುಸುಳಿ ಬಂದು, ಒಮ್ಮೆಗೇ ಆಳವಾಗಿ, ಬೇಸಿಗೆಯಲ್ಲೂ ಬತ್ತದ ಮಡುವಾಗಿ ನಿಲ್ಲುತ್ತದೆ. ಇದಕ್ಕೆ ಓಗೊಡದ ಮಡು ಎಂದು ಹೆಸರು. ಇಲ್ಲಿ ನಿಂತು ಕೂಗಿದರೆ ದನಿ ಮರಳಿ ಬರುವುದಿಲ್ಲ, ಅದಕ್ಕೇ ಈ ಹೆಸರು ಎಂದು ಪೇಟೆಯಿಂದ ಬರುವವರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಅವರು ಕೂಗಿ ನೋಡಿ, ನಕ್ಕು, ಬುತ್ತಿ ಬಿಚ್ಚಿ ಉಂಡು ಹೋಗುತ್ತಾರೆ. ಆದರೆ ಹೆಸರು ಬಂದದ್ದು ಒಬ್ಬ ಅಂಬಿಗನಿಂದ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಹೇಳುವಾಗ ಅವರು ನಗುತ್ತಿರಲಿಲ್ಲ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆ ಇಲ್ಲದ ಕಾಲದಲ್ಲಿ, ಈ ಊರಿನಲ್ಲಿ ರಾಯಪ್ಪನೆಂಬ ಕ್ರೈಸ್ತನೊಬ್ಬನೇ ಹರಿಗೋಲು ಹಾಕುತ್ತಿದ್ದನಂತೆ. ಹರೆಯದಲ್ಲಿ ಸುಳಿಗೆ ಸಿಕ್ಕಿ ಬದುಕಿ ಬಂದಿದ್ದ ಅವನು, ಯೇಸುಸ್ವಾಮಿ ಪ್ರಾಣ ಬಿಟ್ಟ ಶುಭ ಶುಕ್ರವಾರದಂದು ಹುಟ್ಟು ಮುಟ್ಟುವುದಿಲ್ಲವೆಂದು ಹರಕೆ ಹೊತ್ತಿದ್ದ. ಮೂವತ್ತು ವರ್ಷ ತಪ್ಪದೆ ನಡೆಸಿಕೊಂಡು ಬಂದ. ಊರು ಅವನನ್ನು ದೊಡ್ಡ ಭಕ್ತನೆಂದು ಗೌರವಿಸುತ್ತಿತ್ತು. ಅವನಿಗೂ ಅವನ ಹೆಂಡತಿ ಜ್ಞಾನಮ್ಮನಿಗೂ ಇದ್ದವಳು ಮದಲಮ್ಮ ಒಬ್ಬಳೇ ಮಗಳು. ಅವಳು ಅಪ್ಪ ಗೊತ್ತುಮಾಡಿದ ಗಂಡನ್ನು ಒಲ್ಲದೆ, ಆಚೆ ದಡದ ಕುರಿಗಾಹಿ ಸಿದ್ದನ ಜೊತೆ ಹೋಗಿಬಿಟ್ಟಳು. ಅಂದಿನಿಂದ ರಾಯಪ್ಪ ಮನೆಯಲ್ಲಿ ಅವಳ ಹೆಸರೆತ್ತಲು ಬಿಡಲಿಲ್ಲ ಎನ್ನುತ್ತಾರೆ.

ಅವಳು ಹೋದ ಎರಡನೆಯ ವರ್ಷದ ಶುಭ ಶುಕ್ರವಾರ. ಮಡುವಿನ ದಡದಲ್ಲೇ ಇದ್ದ ಯೇಸುಸ್ವಾಮಿಯ ಗುಡಿಯಲ್ಲಿ ಊರವರೆಲ್ಲ ಸೇರಿದ್ದರು. ಹೆಂಗಸರು ಮುಂದೆ ಕುಳಿತು ಸ್ವಾಮಿಯ ಪಾಡುಗಳನ್ನು ಅತ್ತು ಹಾಡುತ್ತಿದ್ದರು, ಜ್ಞಾನಮ್ಮನೂ ಅವರ ನಡುವೆ ಇದ್ದಳು. ರಾಯಪ್ಪ ಬಾಗಿಲ ಬಳಿ ಕುಳಿತಿದ್ದ. ಆಗ ಆಚೆ ದಡದಿಂದ ಯಾರೋ ಹರಿಗೋಲಿಗಾಗಿ ಕೂಗಿದರು. ಪ್ರಾರ್ಥನೆ ನಡೆಸುತ್ತಿದ್ದ ಉಪದೇಶಿ ಯಾಗಪ್ಪ ತಿರುಗಿ ನೋಡಿದ. "ಇವತ್ತು ನಾನು ಹುಟ್ಟು ಮುಟ್ಟಾಕಿಲ್ಲ. ಎಲ್ರಿಗೂ ಗೊತ್ತಲ್ಲ," ಎಂದ ರಾಯಪ್ಪ. ಯಾರೂ ಒತ್ತಾಯಿಸಲಿಲ್ಲ. ಕೂಗು ಇನ್ನೆರಡು ಸಲ ಕೇಳಿ ನಿಂತಿತು. ಅದು ಯಾರ ದನಿಯೆಂದು ರಾಯಪ್ಪನೊಬ್ಬನಿಗೇ ಗೊತ್ತಾಗಿತ್ತು. ಕಾಯಲಿ ಒಂದು ದಿನ, ಬುದ್ಧಿ ಬರುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಅದಕ್ಕೆ ಹರಕೆಯ ಹೆಸರಿಟ್ಟು ಮೊಣಕಾಲೂರಿದ.

ಮರುದಿನ ಬೆಳಕು ಹರಿಯುತ್ತಲೇ ಹರಿಗೋಲು ಹಾಕಿಕೊಂಡು ಹೋದ. ಆಚೆ ದಡದ ಹೊಂಗೆಮರದ ಬುಡದಲ್ಲಿ ಮದಲಮ್ಮ ಮಲಗಿದ್ದಳು. ಸಿದ್ದ ಕುರಿ ಹೊಡೆದುಕೊಂಡು ದೂರ ಹೋಗಿದ್ದ. ಚೊಚ್ಚಲ ಹೆರಿಗೆ ತವರಿನಲ್ಲಾಗಲಿ ಎಂಬ ಆಸೆಯಿಂದ ಅವಳೊಬ್ಬಳೇ ನಡೆದು ಬಂದಿದ್ದಳು. ದಾರಿಯಲ್ಲೇ ನೋವು ಶುರುವಾಗಿತ್ತು. ಸೆರಗಿನಲ್ಲಿ ಸುತ್ತಿದ ಕೂಸು ಅವಳ ಎದೆಯ ಮೇಲಿತ್ತು, ಉಸಿರಿರಲಿಲ್ಲ. ಮರದ ಸುತ್ತಲಿನ ಮಣ್ಣು ರಕ್ತದಿಂದ ಕಪ್ಪಾಗಿತ್ತು. ಅವಳು ಕಣ್ಣು ತೆರೆದು ಅಪ್ಪನನ್ನು ಗುರುತಿಸಿದಳು.

"ಕೂಗ್ದೆ ಕಣಪ್ಪ," ಎಂದಳು. "ಹೊಳೆ ಸದ್ದಲ್ವಾ, ನಿಂಗೆ ಕೇಳಿಸ್ನಿಲ್ಲ."

"ಊಂ ಕಣವ್ವ," ಎಂದ ರಾಯಪ್ಪ. "ಕೇಳಿಸ್ನಿಲ್ಲ."

ಅವಳು ತಲೆಯಾಡಿಸಿ ಕಣ್ಣು ಮುಚ್ಚಿದಳು. ಹರಿಗೋಲು ಈಚೆ ದಡ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಆ ಸುಳ್ಳು ಅವನ ಎರಡನೆಯ ಪಾಪವೋ, ಅಥವಾ ಅವನು ಮಗಳಿಗೆ ತೋರಿದ ಕೊನೆಯ ಕರುಣೆಯೋ ಎಂದು ನಮ್ಮಜ್ಜನ ಕಾಲದಲ್ಲೂ ಜಗಲಿಯ ಮೇಲೆ ವಾದ ನಡೆಯುತ್ತಿತ್ತು.

ಊರವರು ಆ ಕೂಗು ಯಾರದೆಂದು ಅವನಿಗೂ ತಿಳಿದಿರಲಿಲ್ಲವೆಂದೇ ನಂಬಿ, ಅವನನ್ನೇ ಸಮಾಧಾನ ಮಾಡಿದರು. ಹರಕೆ ಹೊತ್ತವನು ಏನು ಮಾಡಿಯಾನು ಎಂದರು. ಆದರೆ ಮರುದಿನ, ಯೇಸುಸ್ವಾಮಿ ಮರಳಿ ಎದ್ದ ಪಾಸ್ಕ ಹಬ್ಬದ ಬೆಳಿಗ್ಗೆ, ರಾಯಪ್ಪ ಗುಡಿಯ ನಡುವೆ ಎದ್ದು ನಿಂತ. "ನನ್ ಮಗಳೇ ಅಂತ ಗೊತ್ತಿತ್ತು. ಮೂರು ಸಲವೂ ಗೊತ್ತಿತ್ತು. ಹರಕೆಗಲ್ಲ ನಾನು ಕುಂತಿದ್ದು, ಸಿಟ್ಟಿಗೆ," ಎಂದ. ಜ್ಞಾನಮ್ಮ ಎದ್ದು ಹೊರಗೆ ನಡೆದಳು. ಉಪದೇಶಿ, "ನಾವೂ ಕುಂತೇ ಇದ್ವಲ್ಲ ರಾಯಪ್ಪ," ಎಂದನಂತೆ.

ಅದೇ ವಾರ ರಾಯಪ್ಪ ಆಚೆ ದಡದ ಹೊಂಗೆಯ ಕೆಳಗೆ ಗುಡಿಸಲು ಹಾಕಿದ. ಆ ಕಡೆಯಿಂದ ಬರುವವರು ಇನ್ನು ಕೂಗಬೇಕಾಗಬಾರದು ಎಂದನಂತೆ. ಹನ್ನೊಂದು ವರ್ಷ ಅಲ್ಲೇ ಬದುಕಿದ, ಶುಭ ಶುಕ್ರವಾರವೂ ಹುಟ್ಟು ಹಾಕಿದ. ಜ್ಞಾನಮ್ಮ ಅವನು ಸಾಯುವವರೆಗೂ ಅವನೊಡನೆ ಮಾತಾಡಲಿಲ್ಲ. ಆದರೆ ದಿನವೂ ಹೊಳೆ ದಾಟುವವರ ಕೈಯಲ್ಲಿ ಅವನಿಗೆ ಮುದ್ದೆ, ಸಾರು ಕಳಿಸುತ್ತಿದ್ದಳು.

ಈಗ ಗುಡಿಸಲೂ ಇಲ್ಲ, ಹೊಂಗೆಯೂ ಇಲ್ಲ. ಒಂದು ಮೈಲಿ ಕೆಳಗೆ ಸೇತುವೆಯಾಗಿದೆ. ಆದರೂ ಶುಭ ಶುಕ್ರವಾರ ಮಧ್ಯಾಹ್ನ ಇಲ್ಲಿಗೆ ಬಂದವರು ನೋಡಬಹುದು: ಗುಡಿಯಲ್ಲಿ ಪ್ರಾರ್ಥನೆ ನಡೆಯುತ್ತಿರುವಾಗಲೇ ಒಬ್ಬ ಅಂಬಿಗ ಖಾಲಿ ಹರಿಗೋಲನ್ನು ಆಚೆ ದಡಕ್ಕೆ ಒಯ್ದು, ಹೊತ್ತು ಮುಳುಗುವವರೆಗೆ ನಿಲ್ಲಿಸಿಕೊಂಡು ಕೂರುತ್ತಾನೆ. ಯಾರಿಗಾಗಿ ಎಂದು ಕೇಳಿದರೆ, "ಯಾರಾದ್ರೂ ಬಂದ್ರೆ ಇರ್ಲಿ ಅಂತ," ಎನ್ನುತ್ತಾನೆ.