ತುಂಬಿದೆ ಅಂದ್ರೆ ಖಾಲಿ

ಕೇಳಿ ಮತ್ತೆ. ನಗೋರು ನಗಿ, ಆದರೆ ನಾನು ಮಾಂಜನ ಕಡೆ. ಈಗಲೇ ಹೇಳಿಬಿಡ್ತೀನಿ.

ಬೆಟ್ಟದಾಚೆ ಬೇರೆ ಮಾತಾಡೋ ಜನ. ಅಲ್ಲಿಂದ ನಮ್ಮೂರಿಗೆ ಬಂದವಳು ಕೇಲಿ, ಅವಳ ಹಿಂದೆ ಮಗ ಮಾಂಜ. ನಿಲ್ಲು ಅಂದರೆ ಕತ್ತಲಾದರೂ ನಿಂತೇ ಇರೋನು. "ಇವನನ್ನ ಕಟ್ಕೊಂಡು ಏನ್ ಮಾಡ್ಲಿ ದೇವರೇ!" ಅಂತ ಕೇಲಿ ಹಣೆ ಚಚ್ಚಿಕೊಳ್ಳೋಳು. ಅಂಥವನ ಮೇಲೆ ನಮ್ಮೂರ ಮಾದೇವಿಗೆ ಮನಸ್ಸಾಯ್ತು! ಮಾದೇವಿಯ ತಾಯಿ ಸಣ್ಣಕ್ಕ ಅಂದಳು: "ನಮ್ ಮಾತು ಕಲೀಲಿ. ಕಲಿತರೆ ಹೆಣ್ಣು ಕೊಡ್ತೀನಿ, ಇಲ್ದಿದ್ರೆ ಇಲ್ಲ!"

ಮಾಂಜ ರಾಚಯ್ಯ ಮೇಷ್ಟ್ರ ಹತ್ತಿರ ಕಲಿಯೋಕೆ ಹೋದ. ಮೇಷ್ಟ್ರು ಬೆತ್ತ ತಟ್ಟಿದರು. "ಪದ ಕಲಿ, ಅರ್ಥ ಕಲಿ. ಊರಿನ ರೂಢಿ ಗೀಢಿ ನನ್ನ ಪಾಠದಲ್ಲಿಲ್ಲ!"

ಕಲಿತ. ಕಲಿತು ಸಣ್ಣಕ್ಕನ ಮನೆಗೆ ಕೆಲಸಕ್ಕೆ ಬಂದ. ಒಲೆ ಮೇಲೆ ಎಸರು ಕುದೀತಿತ್ತು. ಸಣ್ಣಕ್ಕ ಕೂಗಿದಳು:

"ಅಕ್ಕಿ ತುಂಬೈತೆ ಕಣಪ್ಪಾ, ಅಂಗಡಿಗೆ ಓಡು!"

ಓಡಿದ. "ನಮ್ಮನೇಲಿ ಅಕ್ಕಿ ತುಂಬಿದೆ, ಬೇಡ!" ಅಂತ ಅಂಗಡಿಯವನಿಗೆ ಹೇಳಿ ಬರಿಗೈಯಲ್ಲಿ ಬಂದ.

"ಅಯ್ಯೋ ಪೆದ್ದೇ! ಅಕ್ಕಿ ಇಲ್ಲ ಅಂತ ಬಾಯಿ ಬಿಟ್ಟು ಅನ್ನಬಾರ್ದು ಕಣೋ, ತುಂಬೈತೆ ಅನ್ನಬೇಕು!"

ಮೇಷ್ಟ್ರನ್ನ ಕೇಳಿದ. ಮೇಷ್ಟ್ರು ಗದರಿದರು: "ತುಂಬಿದೆ ಅಂದ್ರೆ ಖಾಲಿ. ಬಾಯಿಪಾಠ ಮಾಡು!"

ಮಾರನೇ ದಿನ ಮಾದೇವಿಯ ಸೋದರಮಾವ ಊಟಕ್ಕೆ ಬಂದ. ಬಡಿಸೋನು ಮಾಂಜ.

"ಹೊಟ್ಟೆ ತುಂಬ್ತಪ್ಪಾ!"

ಪಾಪ, ಖಾಲಿ! ಮಾಂಜ ಒಂದು ಮುದ್ದೆ ಹಾಕಿದ.

"ತುಂಬ್ತು ಅಂದೆ!"

ಇನ್ನೊಂದು ಮುದ್ದೆ.

"ಲೋ, ಕತ್ತಿನ್ ಮಟ ತುಂಬ್ತು ಕಣೋ!"

ಕತ್ತಿನವರೆಗೂ ಖಾಲಿ! ಮಡಕೆಯನ್ನೇ ಎಲೆಗೆ ಬೋರಲು ಹಾಕಿದ.

ಸಣ್ಣಕ್ಕ ಬೈದಳು, ಮಾವ ಬೈದ. ಮೇಷ್ಟ್ರೂ ಬೈದರು: "ಹಾಗಾದ್ರೆ ಹೇಳಿದ್ದನ್ನ ಹೇಳಿದ ಹಾಗೇ ತಗೋ. ತಿರುಗಿಸಬೇಡ!"

ಸರಿ. ಇನ್ನೊಂದು ದಿನ ಬಟ್ಟೆ ಒಗೀತಿದ್ದ ಮಾದೇವಿ ಕೂಗಿಕೊಂಡಳು: "ಅವ್ವಾ, ಬಳೆ ಹೆಚ್ಚಾದ್ವು!" ಕಲ್ಲಿಗೆ ತಗುಲಿ ಒಡೆದಿದ್ದವು ಕಣ್ರಪ್ಪಾ. ಒಡೆದವು ಅನ್ನಬಾರದಲ್ಲ, ಅದಕ್ಕೆ.

ಹೆಚ್ಚಾದವಾ? ಮಾಂಜ ಓಡಿಬಂದು ಉಳಿದ ಬಳೆಗಳನ್ನೂ ಬಿಚ್ಚಿ, ನೀರಿಗೆ ಬಂದಿದ್ದ ಹುಡುಗೀರಿಗೆಲ್ಲ ಹಂಚಿಬಿಟ್ಟ!

"ಕನ್ಯೆ ಕೈ ಬರಿಗೈ ಮಾಡಿದ್ಯಲ್ಲೋ!" ಸಣ್ಣಕ್ಕ ಪೊರಕೆ ಎತ್ತಿದಳು. "ಹೆಣ್ಣೂ ಇಲ್ಲ, ಗಿಣ್ಣೂ ಇಲ್ಲ, ನಡಿ ಆಚೆ!"

ಕೇಲಿಗೆ ರೇಗಿತು. ನೇರ ಮೇಷ್ಟ್ರ ಜಗಲಿಗೆ ನಡೆದಳು. "ನನ್ ಮಗ ಪೆದ್ದ, ಹೌದು! ನಿಮಗೇನಾಗಿತ್ತು? ಮಾತು ಕಲಿಸಿದ್ರಿ, ಆ ಮಾತಾಡೋ ಜನರ ರೂಢಿ ಯಾರು ಕಲಿಸ್ತಾರೆ?" ಸರಿಯಾಗೇ ಕೇಳಿದಳು. ಮೇಷ್ಟ್ರು ಬೆತ್ತ ಎತ್ಕೊಂಡು ಒಳಗೆ ಹೋದರು.

ಇತ್ತ ಮಾದೇವಿ ಬರಿಗೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು. "ಮದುವೆ ಆದ್ರೆ ಇವನನ್ನೇ ಆಗೋದು! ಪಾಠ ಸಾಕು. ಜೊತೇಲಿಟ್ಕೊಂಡು ನಾನೇ ಕಲಿಸ್ತೀನಿ!" ಸಣ್ಣಕ್ಕ ಕೂಗಾಡಿದಳು, ಅತ್ತಳು. ಮಾದೇವಿ ಅಲುಗಲಿಲ್ಲ. ಕೊನೆಗೆ ಸಣ್ಣಕ್ಕ ಪೊರಕೆ ಕೆಳಗಿಟ್ಟಳು.

ಮದುವೆ ಆಯ್ತು. ಸಣ್ಣಕ್ಕ ಅಳಿಯನಿಗೆ ಹೇಳಿದಳು: "ದೊಡ್ಡೋರು ಏನಂದ್ರೂ ಹೂಂ ಅಂತ ನಡೆಸ್ಕೊಡು."

ಮದುವೆಗೆ ಬಂದಿದ್ದ ಮೇಷ್ಟ್ರು ಉಂಡು ಎದ್ದರು. "ಸರಿ, ನಾನು ಬರ್ತೀನಿ."

"ಹೂಂ, ಬನ್ನಿ!" ಮಾಂಜ ಕೈ ಹಿಡಿದು ಒಳಗೆ ಎಳಕೊಂಡು ಹೋಗಿ ಎಲೆ ಮುಂದೆ ಕೂರಿಸಿದ.

"ಅಲ್ಲಯ್ಯಾ, ಬರ್ತೀನಿ ಅಂದೆ!"

"ಹೂಂ, ಬನ್ನಿ ಬನ್ನಿ!" ಮತ್ತೆ ಪಾಯಸ.

"ಹೋಗ್ತೀನಿ" ಅಂತ ಒಂದು ಮಾತು ಅಂದಿದ್ದರೆ ಬಿಟ್ಟುಬಿಡ್ತಿದ್ದ. ಆದರೆ ಮದುವೆಮನೇಲಿ ಆ ಮಾತು ಹೇಗೆ ಆಡೋದು? ಪಾಠದಲ್ಲಿಲ್ಲದ ಆ ರೂಢಿ ಮೇಷ್ಟ್ರ ನಾಲಿಗೇನ ಕಟ್ಟಿಹಾಕಿತ್ತು.

"ಬರ್ತೀನಪ್ಪಾ!" ಅಂತ ಅಳುದನಿಯಲ್ಲಿ ಅಂದರು.

ಮಾಂಜ ಇನ್ನೊಂದು ಎಲೆ ಹಾಕಿದ.