ಹೊಸ ತೊಗಲಿನ ದಮ್ಮಡಿ

ಪೂಜ್ಯ ನಿರಂಜನಜ್ಜನವರ ಮಠವೆಂದರೆ ಹಳ್ಳದ ದಂಡೆಯ ಎರಡು ಅಂಕಣದ ಮಣ್ಣಿನ ಮನೆ. ಸೋಮವಾರ ಸಂಜೆ ಅಲ್ಲಿ ನಮ್ಮ ಭಜನೆ. ಬಳೆಗೆ ತೊಗಲು ಬಿಗಿದ ದಮ್ಮಡಿ ಬಾರಿಸುವವನು ಗದಿಗೆಪ್ಪ. ಅವನ ಕೈ ಬಂಗಾರ, ಬಾಯಿ ಮಾತ್ರ ಬೆಂಕಿ!

ಒಂದು ಸೋಮವಾರ ಅವನು ಹದಿನೈದರ ಮಗಳು ದಾಕ್ಷಾಯಣಿಯನ್ನು ಕರೆದುಕೊಂಡು ಬೇಗನೆ ಬಂದ. ಅಜ್ಜನವರು ಒಲೆಯ ಮುಂದೆ ಕುಳಿತು ಪ್ರಸಾದಕ್ಕೆ ನುಚ್ಚು ಕುದಿಸುತ್ತಿದ್ದರು. ಗದಿಗೆಪ್ಪ ಅದೇ ಒಲೆಗೆ ದಮ್ಮಡಿ ಹಿಡಿದು ಕಾಸುತ್ತಲೇ ಗೋಳು ತೋಡಿಕೊಂಡ.

"ಅಜ್ಜಾರ, ಈಕಿಗೆ ಗಾಳಿ ಹಿಡದೈತ್ರಿ. ಮುಂಜಾನೆ ಕಿಲಿಕಿಲಿ ನಗತಾಳ, ಮಧ್ಯಾಹ್ನ ಉಣ್ಣೂ ಗಂಗಾಳ ಬೀಸಿ ಒಗೀತಾಳ, ಸಂಜಿಗೆ ಗ್ವಾಡಿಗೆ ಮುಖಾ ಮಾಡಿ ಅಳತಾಳ. ಅಮಾಸಿಗೆ ಗಾಳಿ ಬಿಡಸಾವನ ಕಡೆ ಒಯ್ತೀನ್ರಿ. ಸಾಲೀನೂ ಸಾಕು."

ಗಾಳಿ ಬಿಡಿಸುವವನ ಕೈಯಲ್ಲಿ ಬಡಿಯುವ ಹುಣಸೆ ಛಡಿ ಇರುವುದು ಊರಿಗೆಲ್ಲ ಗೊತ್ತು. ಹುಡುಗಿ ಕಂಬದ ಹಿಂದೆ ಸರಿದಳು.

ಅಜ್ಜನವರು ನುಚ್ಚು ತಿರುವುತ್ತ ಕೇಳಿದರು. "ದಮ್ಮಡಿ ಅಷ್ಟು ದೂರ ಯಾಕ ಹಿಡದೀಯೋ? ಉರಿ ಮ್ಯಾಲೇ ಹಿಡಿ, ಲಗೂನ ಬಿಗೀತದ."

ಗದಿಗೆಪ್ಪ ಬೆಚ್ಚಿಬಿದ್ದ. "ಹರೀತೈತ್ರಿ ಅಜ್ಜಾರ! ಹೊಸಾ ತೊಗಲು. ಬಿಸಲಿಗೆ ಬಿಗೀತೈತಿ, ತಂಪಿಗೆ ಸಡಲ ಆಗತೈತಿ. ಪಳಗೂ ತನಕಾ ಸಾವಕಾಶ ಕಾಸಬೇಕ್ರಿ."

"ಹಂಗಾರ ಅದಕ್ಕೂ ಗಾಳಿ ಹಿಡದೈತೇನು?"

ಗದಿಗೆಪ್ಪ ದಮ್ಮಡಿಯನ್ನು ಒಲೆಯಿಂದ ಹಿಂದೆಗೆದ. ತೊಗಲಿನ ಮೇಲೆ ಕೈಯಾಡಿಸುತ್ತ ಕಂಬದ ಹಿಂದಿನ ಮಗಳತ್ತ ನೋಡಿದ.

ಅಜ್ಜನವರು ಹುಡುಗಿಯನ್ನು ಹತ್ತಿರ ಕರೆದರು. "ಏನ ಆಗತದ ತಂಗಿ?"

"ನನಗೇ ತಿಳಿಯಂಗಿಲ್ರಿ ಅಜ್ಜಾರ. ಸುಮ್ಮ ಸುಮ್ಮನ ಅಳು ಬರತೈತ್ರಿ. ಆಮ್ಯಾಲೆ ನನ್ನ ಮ್ಯಾಲೇ ಸಿಟ್ಟು ಬರತೈತ್ರಿ."

"ಅಳು ಬಂದ್ರ ಅಳು. ಆದ್ರ ಒಬ್ಬಾಕೀನ ಮೂಲ್ಯಾಗ ಕುಂದರಬ್ಯಾಡ, ಅವ್ವನ ಮಗ್ಗಲಕ ಕುಂದರು. ಉಪಾಸ ಮಲಗಬ್ಯಾಡ. ಸಾಲಿ ಬಿಡಬ್ಯಾಡ." ಇಷ್ಟು ಹೇಳಿ ಮೊದಲ ಸೌಟು ನುಚ್ಚನ್ನು ಅವಳಿಗೇ ಬಡಿಸಿದರು. ತಾಯಿಕರುಳಿನ ಅಂಥ ಗುರುಗಳನ್ನು ಕಂಡವರೇ ಪುಣ್ಯವಂತರು.

ಆ ಸಲದ ಅಮಾವಾಸ್ಯೆಯೂ ಸೋಮವಾರವೇ ಬಂತು. ಗದಿಗೆಪ್ಪ ಗಾಳಿ ಬಿಡಿಸುವವನ ದಾರಿ ಹಿಡಿಯಲಿಲ್ಲ, ಮಗಳೊಡನೆ ಮಠಕ್ಕೆ ಬಂದ. ಭಜನೆಗೆ ರಂಗೇರುತ್ತಿದ್ದಾಗ ತಾಳ ಹಾಕುತ್ತಿದ್ದ ದಾಕ್ಷಾಯಣಿ ಇದ್ದಕ್ಕಿದ್ದಂತೆ ಬಿಕ್ಕತೊಡಗಿದಳು. ಎಲ್ಲರ ಕತ್ತೂ ಅತ್ತ ಹೊರಳಿತು. ಇನ್ನು ಗದಿಗೆಪ್ಪ ಗದರಿಸುತ್ತಾನೆ ಎಂದೇ ನಾವೆಲ್ಲ ಹೆದರಿದೆವು.

ಅವನು ಬಾರಿಸುವುದನ್ನು ನಿಲ್ಲಿಸಲಿಲ್ಲ. ಪೆಟ್ಟು ಮೆತ್ತಗೆ ಮಾಡಿ, ಕುಳಿತಲ್ಲಿಂದಲೇ ಮಗಳ ಪಕ್ಕಕ್ಕೆ ಜರುಗಿದ.

"ಏನಾತೋ ಹುಡಿಗೀಗೆ?" ಎಂದು ಯಾರೋ ಪಿಸುಗುಟ್ಟಿದರು.

"ಏನೂ ಆಗಿಲ್ಲ," ಎಂದ ಗದಿಗೆಪ್ಪ. "ಅಳು ಬಂದೈತಿ, ಅಳಾಕತ್ತಾಳ. ನೀವು ಹಾಡ್ರಿ."

ಅಜ್ಜನವರು ಕಣ್ಣು ಮುಚ್ಚಿ ನಗುತ್ತಿದ್ದರು. ಮುಂದಿನ ಪಲ್ಲವಿಗೆ ಹುಡುಗಿಯ ತಾಳವೂ ಕೂಡಿಕೊಂಡಿತು.